ವಾರ್ಡಿನ ಬಾಗಿಲು ಮುಚ್ಚಿದಾಗ ಮನೋವೈದ್ಯಶಾಸ್ತ್ರ ಕಲಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೋವಿಡ್ ಕಾಲದಲ್ಲಿ ಮನೋರೋಗ ವಿಭಾಗದಲ್ಲಿ ಪಾಠ ಮಾಡಿದವರು ಈ ಪ್ರಶ್ನೆಗಳಿಂದ ತಪ್ಪಿಸಿಕೊಂಡಿರಲಾರರು. ಹೆಚ್ಚಿನವನ್ನು ವಿದ್ಯಾರ್ಥಿಗಳು ಕೇಳಿದರು, ಕೆಲವನ್ನು ಸಹೋದ್ಯೋಗಿಗಳು ಬರೆದು ಕಳಿಸಿದರು, ಒಂದೆರಡು ವಿದ್ಯಾರ್ಥಿಗಳ ತಂದೆ ತಾಯಿಯರಿಂದ ಬಂದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ತಲೆ ಕೆಡಿಸಿದವು.

## ಮೊದಲ ಪ್ರಶ್ನೆಗಳು

ವಿದ್ಯಾರ್ಥಿಗಳನ್ನು ವಾರ್ಡಿನಿಂದ ಹೊರಗೆ ಕಳಿಸಿದ್ದೇಕೆ? ಅವರೂ ನಾಳೆ ವೈದ್ಯರಾಗುವವರೇ ಅಲ್ಲವೇ?

ಆಗುವವರು ನಿಜ, ಆದರೆ ಇನ್ನೂ ಆಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಕರೆದದ್ದು 2020ರ ಮಾರ್ಚ್ 11ರಂದು. ಆರೇ ದಿನಗಳಲ್ಲಿ ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘವು ವಿದ್ಯಾರ್ಥಿಗಳು ವಾರ್ಡಿನಲ್ಲಿ ಕಲಿಯುವ ಅವಧಿಗಳನ್ನು, ಅಂದರೆ ಕ್ಲಿನಿಕಲ್ ಪೋಸ್ಟಿಂಗ್‌ಗಳನ್ನು ತಡೆಹಿಡಿಯುವುದನ್ನು ಬೆಂಬಲಿಸಿತು. ಮಾಸ್ಕ್ ಮತ್ತು ಪಿಪಿಇ ಕಿಟ್‌ಗಳ ಕೊರತೆಯಿತ್ತು. ವಿದ್ಯಾರ್ಥಿಗಳಿಗೆ ಸೋಂಕು ತಗುಲುವ ಭಯವೂ, ಅವರಿಂದಲೇ ರೋಗಿಗಳಿಗೆ ಹರಡುವ ಭಯವೂ ಇದ್ದವು. ಎಲ್ಲರೂ ಒಂದೇ ದಾರಿ ಹಿಡಿಯಲಿಲ್ಲ. ಬ್ರಿಟನ್ನಿನಲ್ಲಿ ಅಂತಿಮ ವರ್ಷದವರಿಗೆ ಅವಧಿಗೆ ಮುಂಚೆಯೇ ತಾತ್ಕಾಲಿಕ ನೋಂದಣಿ ಕೊಟ್ಟು ಕೆಲಸಕ್ಕೆ ಬರಲು ಅವಕಾಶ ಮಾಡಿಕೊಟ್ಟರು.

ಮನೋರೋಗ ವಾರ್ಡಿನದು ಬೇರೆಯೇ ಕಥೆ. ಅಲ್ಲಿ ರೋಗಿಗಳು ಹಾಸಿಗೆಗೆ ಅಂಟಿಕೊಂಡಿರುವುದಿಲ್ಲ. ಓಡಾಡುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ, ಗುಂಪು ಚಿಕಿತ್ಸೆಗೆಂದು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಉನ್ಮಾದ ಏರಿರುವವರಿಗೆ ದೂರ ನಿಲ್ಲಿ ಎಂದರೆ ಇನ್ನೂ ಹತ್ತಿರ ಬಂದು ಭುಜ ತಟ್ಟುತ್ತಾರೆ. ಇಂಥ ಕಡೆ ಹದಿನೈದು ಜನ ವಿದ್ಯಾರ್ಥಿಗಳನ್ನು ಸುತ್ತ ನಿಲ್ಲಿಸಿಕೊಂಡು ಪಾಠ ಮಾಡುವ ಪ್ರಶ್ನೆಯೇ ಇರಲಿಲ್ಲ.

ಈ ವಿಷಯದಲ್ಲಿ ಇರುವುದೇ ಮಾತು. ಸ್ಟೆತೊಸ್ಕೋಪ್ ಬೇಡ, ಕತ್ತರಿ ಬೇಡ. ಮನೆಯಲ್ಲಿ ಕುಳಿತು ಕಲಿತರೆ ಏನು ನಷ್ಟ?

ವಿದ್ಯಾರ್ಥಿಗಳಿಗಿಂತ ಹೆಚ್ಚಾಗಿ ವೇಳಾಪಟ್ಟಿ ಹಾಕುವವರು ಈ ಮಾತನ್ನು ಹೇಳುತ್ತಿದ್ದರು. ಅರ್ಧ ನಿಜವಾದ್ದರಿಂದಲೇ ಇದು ಹೆಚ್ಚು ತೊಂದರೆ ಕೊಟ್ಟಿತು. ಶಸ್ತ್ರಚಿಕಿತ್ಸೆ ಕಲಿಯುವವರಿಗೆ ಏನು ತಪ್ಪಿತೆಂದು ಎಲ್ಲರಿಗೂ ಕಾಣುತ್ತದೆ. ನಮ್ಮಲ್ಲಿ ತಪ್ಪಿದ್ದು ಕಾಣುವುದಿಲ್ಲ.

ಖಿನ್ನತೆಯ ಲಕ್ಷಣಗಳನ್ನು ಪುಸ್ತಕ ಓದಿ ತಿಳಿಯಬಹುದು. ಅಳುತ್ತಿರುವ ಮನುಷ್ಯನ ಎದುರು ಏನೂ ಹೇಳದೆ ಕೂರುವುದನ್ನು ಹಾಗೆ ಕಲಿಯಲಾಗದು. ವಾರ್ಡಿನಲ್ಲಿ ಹತ್ತು ಸೆಕೆಂಡಿನ ಮೌನವೆಂದರೆ ರೋಗಿ ಏನನ್ನೋ ಹೇಳಲು ಧೈರ್ಯ ಕೂಡಿಸಿಕೊಳ್ಳುತ್ತಿದ್ದಾರೆ ಎಂದರ್ಥ. ವಿಡಿಯೊ ಕರೆಯಲ್ಲಿ ಅದೇ ಮೌನ ಬಂದರೆ ವಿದ್ಯಾರ್ಥಿ "ಹಲೋ, ಕೇಳಿಸುತ್ತಿದೆಯೇ?" ಎನ್ನುತ್ತಾನೆ. ರೋಗಿ "ಕೇಳಿಸುತ್ತಿದೆ" ಎನ್ನುತ್ತಾರೆ. ಹೇಳಬೇಕಾದದ್ದು ಅಲ್ಲಿಗೇ ಒಳಗೆ ಸರಿದುಹೋಗುತ್ತದೆ. ಇದನ್ನು ನಾನು ಎಷ್ಟು ಬಾರಿ ನೋಡಿದ್ದೇನೆಂದರೆ, ಕೊನೆಗೆ ತರಗತಿಯಲ್ಲಿ ಗಡಿಯಾರ ಹಿಡಿದು ಸುಮ್ಮನಿರುವುದನ್ನೇ ಅಭ್ಯಾಸ ಮಾಡಿಸಬೇಕಾಯಿತು.

ಇನ್ನು ಹೊರರೋಗಿ ವಿಭಾಗದ ಬೆಂಚು. ಯಾರ ಜೊತೆ ಬಂದರು, ಯಾರು ಮೊದಲು ಮಾತಾಡಿದರು, ಗಂಡ ಉತ್ತರಿಸುವಾಗ ಹೆಂಡತಿ ಎತ್ತ ನೋಡುತ್ತಿದ್ದಳು, ಇದೆಲ್ಲ ರೋಗಿ ಒಳಗೆ ಬರುವ ಮೊದಲೇ ಸಿಗುವ ಮಾಹಿತಿ. ವಿಡಿಯೊ ಕರೆಗೆ ಅಂಥ ಬೆಂಚು ಇಲ್ಲ.

ಆದ್ದರಿಂದ ನನ್ನ ನಿಲುವು ಸರಳ: ಸಮಯ ಸಾಲದಿದ್ದರೆ ಉಪನ್ಯಾಸ ಕತ್ತರಿಸಿ, ರೋಗಿಯೊಡನೆ ಮಾತಾಡುವ ಅವಕಾಶವನ್ನು ಎಷ್ಟೇ ಕಷ್ಟವಾದರೂ ಉಳಿಸಿ. ಬಹಳ ಕಡೆ ಆದದ್ದು ಇದಕ್ಕೆ ತದ್ವಿರುದ್ಧ. ಆನ್‌ಲೈನ್‌ಗೆ ಸಾಗಿಸಲು ಸುಲಭವಾಗಿದ್ದದ್ದು ಉಪನ್ಯಾಸ, ಹಾಗಾಗಿ ಅದು ಉಳಿಯಿತು.

ನಾನು ಮೂಳೆ ವೈದ್ಯನಾಗಬೇಕೆಂದಿದ್ದೇನೆ. ಮನೋರೋಗದ ಪೋಸ್ಟಿಂಗ್ ತಪ್ಪಿದರೆ ನನಗೇನು?

ಸೊಂಟದ ಮೂಳೆ ಮುರಿದ ಎಂಬತ್ತರ ಅಜ್ಜಿಗೆ ಶಸ್ತ್ರಚಿಕಿತ್ಸೆಯಾದ ಎರಡನೆಯ ರಾತ್ರಿ, ಅವರು ಡ್ರಿಪ್ ಕಿತ್ತುಹಾಕಿ ಗೋಡೆಯ ಮೇಲೆ ಇರುವೆ ಹರಿದಾಡುತ್ತಿದೆ ಎನ್ನುತ್ತಾರೆ. ಅದು ಸನ್ನಿ, ಅಂದರೆ ಮೈಯ ಕಾಯಿಲೆಯಿಂದ ಏಕಾಏಕಿ ಬರುವ ಗೊಂದಲ (ಡೆಲಿರಿಯಂ). ಮೊದಲು ಕರೆ ಬರುವುದು ನಿಮಗೆ, ಮನೋವೈದ್ಯರಿಗಲ್ಲ. ಇನ್ನೊಬ್ಬರು ಗಲಾಟೆಯನ್ನೇ ಮಾಡದೆ ಗೋಡೆ ಕಡೆ ತಿರುಗಿ ಮಲಗಿರುತ್ತಾರೆ, ಎಲ್ಲರೂ ಬೇಸರದಲ್ಲಿದ್ದಾರೆ ಎಂದುಕೊಳ್ಳುತ್ತಾರೆ. ಅದೂ ಸನ್ನಿಯೇ ಇರಬಹುದು. ಕಣ್ತಪ್ಪಿ ಹೋಗುವುದು ಈ ಎರಡನೆಯ ಬಗೆ.

## ಕಲಿಯುವವರ ಪ್ರಶ್ನೆಗಳು

ವಿಡಿಯೊ ಮೂಲಕ ಮಾನಸಿಕ ಸ್ಥಿತಿ ಪರೀಕ್ಷೆ ಮಾಡಲು ಆಗುತ್ತದೆಯೇ?

ಬಹುಪಾಲು ಆಗುತ್ತದೆ. ಮಾತಿನ ಓಟ, ಯೋಚನೆಯ ಜಾಡು, ಮನಸ್ಸಿನ ಸ್ಥಿತಿ, ಕಿವಿಯಲ್ಲಿ ದನಿ ಕೇಳಿಸುವುದು, ತನಗೆ ಕಾಯಿಲೆಯಿದೆ ಎಂಬ ಅರಿವು, ಇವೆಲ್ಲ ಕೇಳಿ ತಿಳಿಯುವಂಥವು. ಮೋಸ ಹೋಗುವುದು ನೋಡಿ ತಿಳಿಯುವ ಕಡೆ.

ಕಣ್ಣಿನ ನೋಟವನ್ನೇ ತೆಗೆದುಕೊಳ್ಳಿ. ಕ್ಯಾಮೆರಾ ಪರದೆಯ ಮೇಲಂಚಿನಲ್ಲಿದೆ. ರೋಗಿ ಪರದೆಯ ಮೇಲಿನ ನಿಮ್ಮ ಮುಖವನ್ನೇ ನೋಡುತ್ತಿದ್ದರೂ ನಿಮಗೆ ಅವರು ಕೆಳಗೆ ನೋಡಿದಂತೆ ಕಾಣುತ್ತಾರೆ. ಇದನ್ನು "ಕಣ್ಣು ತಪ್ಪಿಸುತ್ತಾರೆ" ಎಂದು ಬರೆದ ಕೇಸ್ ಶೀಟ್‌ಗಳನ್ನು ರಾಶಿಗಟ್ಟಲೆ ತಿದ್ದಿದ್ದೇನೆ. ಉತ್ತರ ತಡವಾಗುವುದೂ ಹಾಗೆಯೇ. ತೀವ್ರ ಖಿನ್ನತೆಯಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವೆ ಅಂತರ ಬೀಳುತ್ತದೆ, ನೆಟ್‌ವರ್ಕ್ ಸರಿಯಿಲ್ಲದಿದ್ದರೂ ಬೀಳುತ್ತದೆ. ಪಕ್ಕದಲ್ಲಿರುವ ಮನೆಯವರನ್ನು ಒಂದು ಪ್ರಶ್ನೆ ಕೇಳಿ. ಅವರ ಉತ್ತರವೂ ಅಷ್ಟೇ ತಡವಾದರೆ ತಪ್ಪು ಸಂಪರ್ಕದ್ದು.

ಪರದೆಯಲ್ಲಿ ಕಾಣುವುದು ಎದೆಯವರೆಗೆ ಮಾತ್ರ. ಕಾಲು ಸತತ ಅಲುಗುತ್ತಿರಬಹುದು, ಕೈ ನಡುಗುತ್ತಿರಬಹುದು. ಎರಡೂ ಕೈಗಳನ್ನು ಕ್ಯಾಮೆರಾ ಮುಂದೆ ಚಾಚಲು ಹೇಳಿ. ಫೋನನ್ನು ಮೇಜಿನ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಹೋಗಿ ಮರಳಿ ಬರಲು ಹೇಳಿ. ನೆನಪು ಮತ್ತು ಗಮನದ ಪರೀಕ್ಷೆಗಳಲ್ಲಿ ಗಡಿಯಾರದ ಚಿತ್ರ ಬರೆಸಿ ಪರದೆಗೆ ಹಿಡಿಸಬಹುದು. ಆದರೆ ಇಂದು ಯಾವ ವಾರ ಎಂದು ಪಕ್ಕದಿಂದ ಯಾರಾದರೂ ಪಿಸುಗುಟ್ಟುತ್ತಿಲ್ಲವೇ ಎಂದು ಗಮನವಿರಲಿ, ಗೋಡೆಯ ಮೇಲಿನ ಕ್ಯಾಲೆಂಡರ್ ಕಡೆಗೂ.

ಮುಟ್ಟದೆ ತಿಳಿಯಲಾಗದವು ಕೆಲವಿವೆ. ಔಷಧಿಯಿಂದ ಬರುವ ಸ್ನಾಯುಗಳ ಬಿಗಿತ, ಮಾತು, ಚಲನೆ ಸ್ತಬ್ಧವಾಗುವ ಕೆಟಟೋನಿಯಾದಲ್ಲಿ ಕೈಯನ್ನು ಎತ್ತಿದಲ್ಲೇ ಮೇಣದಂತೆ ನಿಲ್ಲಿಸಿಬಿಡುವ ಸ್ಥಿತಿ, ಉಸಿರಿನಲ್ಲಿ ಮದ್ಯದ ವಾಸನೆ. ಇವು ಪರದೆಯಿಂದ ಸಿಗುವುದಿಲ್ಲ. "ವಿಡಿಯೊ ಮೂಲಕ ನೋಡಿದೆ, ಸೊಂಟದ ಕೆಳಗೆ ಕಾಣಲಿಲ್ಲ, ಸ್ನಾಯು ಬಿಗಿತ ಪರೀಕ್ಷಿಸಿಲ್ಲ" ಎಂದು ಬರೆಯಲು ನಾಚಿಕೊಳ್ಳಬೇಡಿ. ನೋಡದೆ "ಸಹಜ" ಎಂದು ಬರೆದರೆ ಮುಂದೆ ನೋಡುವ ವೈದ್ಯರು ಅದನ್ನು ನಂಬಿಬಿಡುತ್ತಾರೆ.

ಮಾಸ್ಕ್ ಹಾಕಿಕೊಂಡವರ ಮುಖಭಾವ ಓದುವುದು ಹೇಗೆ?

ಹುಬ್ಬು, ಕಣ್ಣಂಚು, ದನಿಯ ಏರಿಳಿತ, ಕೈಗಳ ಚಲನೆ, ಇಷ್ಟು ಉಳಿಯುತ್ತದೆ. ಭಾವ ಬತ್ತಿದೆ ಎಂದು ಮಾಸ್ಕ್ ನೋಡಿ ತೀರ್ಮಾನಿಸಬೇಡಿ, ದನಿಯೂ ಒಂದೇ ಮಟ್ಟದಲ್ಲಿದೆಯೇ ಕೇಳಿ. ನಿಮ್ಮ ಮಾಸ್ಕ್ ರೋಗಿಗೆ ಹೇಗೆ ಕಾಣುತ್ತದೆ ಎಂಬುದು ಇದಕ್ಕಿಂತ ದೊಡ್ಡ ಸಮಸ್ಯೆ. ಯಾರೋ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎಂದು ನಂಬಿರುವವರ ಎದುರು ಮುಖ ಮುಚ್ಚಿಕೊಂಡ ಅಪರಿಚಿತ ನಿಂತರೆ ಸಂಚಿಗೆ ಸಾಕ್ಷಿ ಸಿಕ್ಕಂತೆ. ಹೆಸರು ಹೇಳಿ, ಮುಖ ಕಾಣುವ ಫೋಟೊ ಇರುವ ಚೀಟಿಯನ್ನು ಎದೆಗೆ ತಗುಲಿಸಿಕೊಳ್ಳಿ. ಕಿವಿ ಮಂದವಾದ ಹಿರಿಯರು ತುಟಿ ನೋಡಿ ಮಾತು ಹಿಡಿಯುತ್ತಿರುತ್ತಾರೆ. ಅವರ ತಪ್ಪು ಉತ್ತರ ಮರೆವಲ್ಲ, ಕೇಳಿಸದಿರುವುದು.

ನಟರನ್ನು ರೋಗಿಗಳಂತೆ ಕೂರಿಸಿ ಕಲಿಸುತ್ತಾರಂತೆ. ಅದು ಬರೀ ನಾಟಕ ಅಲ್ಲವೇ?

ನಾಟಕವೇ, ಆದರೆ ಹಳೆಯದು. ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್ ತರಬೇತಿ ಪಡೆದ ವ್ಯಕ್ತಿಯನ್ನು ರೋಗಿಯ ಪಾತ್ರದಲ್ಲಿ ಬಳಸಿದ್ದು 1963ರಲ್ಲಿ. ಇದರ ದೊಡ್ಡ ಅನುಕೂಲವೆಂದರೆ ತಪ್ಪು ಮಾಡಬಹುದು. "ಸಾಯಬೇಕು ಅನಿಸುತ್ತದೆಯೇ?" ಎಂಬ ಪ್ರಶ್ನೆಯನ್ನು ಮೊದಲ ಸಲ ಬಾಯಿಬಿಟ್ಟು ಕೇಳುವಾಗ ಎಲ್ಲರೂ ತೊದಲುತ್ತಾರೆ. ಆ ತೊದಲು ನಟರ ಮುಂದೆ ಮುಗಿದುಹೋಗಲಿ. ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುವುದಿಲ್ಲ ಎಂಬ ನಂಬಿಕೆಯೂ ಹಾಗೆ ಕೇಳಿ ಕೇಳಿಯೇ ಬರುತ್ತದೆ. ಪಾತ್ರ ಮುಗಿಸಿದ ಮೇಲೆ ನಟರು "ನೀವು ಆಗ ಗಡಿಯಾರ ನೋಡಿದಿರಿ, ನನಗೆ ಬಾಯಿ ಕಟ್ಟಿಹೋಯಿತು" ಎಂದು ಹೇಳಬಲ್ಲರು. ನಿಜವಾದ ರೋಗಿ ಹೇಳುವುದಿಲ್ಲ.

ಮಿತಿಯೂ ಇದೆ. ಖಿನ್ನತೆ, ಆತಂಕ, ಕುಡಿತದ ಸಮಸ್ಯೆಗಳನ್ನು ನಟಿಸಬಹುದು. ಸ್ಕಿಜೋಫ್ರೀನಿಯಾದಲ್ಲಿ ಯೋಚನೆಯ ಎಳೆ ಕಡಿದುಹೋಗುವುದನ್ನು ಅರ್ಧ ಗಂಟೆ ನಟಿಸುವವರನ್ನು ನಾನು ಕಂಡಿಲ್ಲ. ಐದನೆಯ ನಿಮಿಷಕ್ಕೆ ವಾಕ್ಯಗಳು ತಾವಾಗಿ ನೆಟ್ಟಗಾಗುತ್ತವೆ.

ಸಿನಿಮಾ ನೋಡಿ ಕಲಿಯಬಹುದೇ?

ಗಮನಿಸಿದ್ದನ್ನು ಪದಗಳಲ್ಲಿ ಹೇಳುವ ಅಭ್ಯಾಸಕ್ಕೆ ಸರಿ. ಒಂದು ದೃಶ್ಯ ನೋಡಿ, ಕಂಡದ್ದನ್ನು ಮಾತ್ರ ಬರೆಯಿರಿ. ರೋಗ ಹೇಗಿರುತ್ತದೆ ಎಂದು ತಿಳಿಯಲು ಬೇಡ, ಅಲ್ಲಿ ಕಾಯಿಲೆ ಕಥೆಯ ಅಗತ್ಯಕ್ಕೆ ತಕ್ಕಂತೆ ಏರಿ ಇಳಿಯುತ್ತದೆ.

ನಾನು ಮನೆಯಿಂದಲೇ ರೋಗಿಗಳ ಸಂದರ್ಶನಕ್ಕೆ ಸೇರುತ್ತಿದ್ದೇನೆ. ಪಕ್ಕದಲ್ಲಿ ತಮ್ಮ ಓದುತ್ತಿರುತ್ತಾನೆ. ತಪ್ಪೇ?

ತಪ್ಪು. ರೋಗಿ ಒಪ್ಪಿಗೆ ಕೊಟ್ಟದ್ದು ನಿಮಗೆ, ನಿಮ್ಮ ತಮ್ಮನಿಗಲ್ಲ. ಪ್ರತ್ಯೇಕ ಕೋಣೆ ಇಲ್ಲದಿದ್ದರೆ ಆ ದಿನ ನಿಜವಾದ ರೋಗಿಗಳ ಸಂದರ್ಶನಕ್ಕೆ ಸೇರಬೇಡಿ. ಕಾಲೇಜು ಅದಕ್ಕೆ ಹಾಜರಾತಿ ಕಡಿಯಬಾರದು, ನಟರೊಂದಿಗಿನ ಅಭ್ಯಾಸ ಕೊಡಬೇಕು. ಇಯರ್‌ಫೋನ್ ಹಾಕಿದರೆ ಅರ್ಧ ಪರಿಹಾರ ಮಾತ್ರ. ನೀವು ಕೇಳುವ ಪ್ರಶ್ನೆಗಳೇ ಸಾಕಷ್ಟು ಹೇಳಿಬಿಡುತ್ತವೆ, ಪರದೆಯ ಮೇಲಿನ ಮುಖವಂತೂ ಕಂಡೇ ಕಾಣುತ್ತದೆ. ಧ್ವನಿಮುದ್ರಣ, ಸ್ಕ್ರೀನ್‌ಶಾಟ್ ಖಂಡಿತ ಕೂಡದು.

## ಕಲಿಸುವವರ ಪ್ರಶ್ನೆಗಳು

ನನ್ನ ಉಪನ್ಯಾಸಗಳನ್ನು ಹಾಗೆಯೇ ಆನ್‌ಲೈನ್‌ಗೆ ಹಾಕಿದರೆ ಸಾಕಲ್ಲವೇ?

ಒಂದು ಗಂಟೆಯ ಉಪನ್ಯಾಸವನ್ನು ಹದಿನೈದು ನಿಮಿಷಕ್ಕೆ ಇಳಿಸಿ, ಮೊದಲೇ ವಿಡಿಯೊ ಮಾಡಿ ಕೊಡಿ. ಉಳಿದ ಮುಕ್ಕಾಲು ಗಂಟೆ ಆರೆಂಟು ಜನರ ಗುಂಪಿನೊಂದಿಗೆ ಒಂದು ಕೇಸ್ ಚರ್ಚಿಸಿ. ಕ್ಯಾಮೆರಾ ಆರಿಸಿಕೊಂಡ ಎಂಬತ್ತು ಕಪ್ಪು ಚೌಕಗಳಿಗೆ ಪಾಠ ಹೇಳುವುದು ನಿಮಗೂ ಶಿಕ್ಷೆ.

ವಿಡಿಯೊ ಸಮಾಲೋಚನೆಯಲ್ಲಿ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವುದು ಹೇಗೆ? ರೋಗಿ ಮುಜುಗರಪಡುವುದಿಲ್ಲವೇ?

ವಿದ್ಯಾರ್ಥಿ ಕರೆಯಲ್ಲಿ ಇಲ್ಲದಿರುವಾಗಲೇ ಒಪ್ಪಿಗೆ ಕೇಳಿ. ಎದುರಿಗೆ ನಿಲ್ಲಿಸಿಕೊಂಡು ಕೇಳಿದರೆ ಬೇಡ ಎನ್ನಲು ಬಹಳ ಜನರಿಗೆ ಬಾಯಿ ಬರುವುದಿಲ್ಲ. ಒಮ್ಮೆಗೆ ಒಬ್ಬರು, ಹೆಚ್ಚೆಂದರೆ ಇಬ್ಬರು. ವಿದ್ಯಾರ್ಥಿ ಮುಖ ತೋರಿಸಿ ಹೆಸರು ಹೇಳಲಿ. ಕಪ್ಪು ಪರದೆಯ ಹಿಂದೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂಬ ಭಾವನೆ ಯಾರಿಗೂ ಹಿತವಲ್ಲ, ನಮ್ಮ ರೋಗಿಗಳಿಗಂತೂ ಇಲ್ಲವೇ ಇಲ್ಲ.

ವಿದ್ಯಾರ್ಥಿಗೆ ಒಂದು ನಿರ್ದಿಷ್ಟ ಕೆಲಸವಿರಲಿ. ನಿದ್ರೆ, ಹಸಿವಿನ ಬಗ್ಗೆ ಅವರೇ ಕೇಳಲಿ, ಅಥವಾ ರೋಗಿಯ ಒಪ್ಪಿಗೆಯೊಂದಿಗೆ ಮೊದಲೇ ಮನೆಯವರಿಗೆ ಫೋನ್ ಮಾಡಿ ಕಾಯಿಲೆಯ ಹಿನ್ನೆಲೆ ಕಲೆಹಾಕಿರಲಿ. ಈ ಎರಡನೆಯ ಕೆಲಸ ನಿರೀಕ್ಷೆಗಿಂತ ಚೆನ್ನಾಗಿ ನಡೆಯಿತು. ಹಿಂದೆ ಆಸ್ಪತ್ರೆಗೆ ಬರಲಾಗದ ಅಣ್ಣನೋ ಅತ್ತೆಯೋ ಫೋನಿನಲ್ಲಿ ಬಿಡುವಾಗಿ ಮಾತಾಡಿದರು, ವಿದ್ಯಾರ್ಥಿಗೂ ತಾನು ತಂಡಕ್ಕೆ ಬೇಕಾದವನು ಅನ್ನಿಸಿತು. ಕರೆ ಮುಗಿದ ಮೇಲೆ ಹತ್ತು ನಿಮಿಷ ಇಬ್ಬರೇ ಮಾತಾಡಿಕೊಳ್ಳುವುದನ್ನು ಮಾತ್ರ ಬಿಡಬೇಡಿ. ವಾರ್ಡಿನಿಂದ ಹೊರಗೆ ನಡೆಯುತ್ತಾ ತಾನಾಗಿ ಆಗುತ್ತಿದ್ದ ಆ ಮಾತು ಈಗ ತಾನಾಗಿ ಆಗುವುದಿಲ್ಲ.

ಕರೆಯ ನಡುವೆ ರೋಗಿ ಸಾಯುವ ಮಾತೆತ್ತಿ ಫೋನ್ ಇಟ್ಟುಬಿಟ್ಟರೆ?

ಇದಕ್ಕೆ ಸಿದ್ಧತೆ ಕರೆಯ ಮೊದಲ ನಿಮಿಷದಲ್ಲೇ ಆಗಬೇಕು. ಈಗ ಎಲ್ಲಿದ್ದೀರಿ, ಜೊತೆಯಲ್ಲಿ ಯಾರಿದ್ದಾರೆ, ಸಂಪರ್ಕ ತಪ್ಪಿದರೆ ಯಾವ ಸಂಖ್ಯೆಗೆ ಕರೆಯಬೇಕು, ತುರ್ತಿಗೆ ಮನೆಯವರ ಯಾವ ಸಂಖ್ಯೆ, ಈ ನಾಲ್ಕನ್ನೂ ಕೇಳಿ ಬರೆದುಕೊಳ್ಳದೆ ಮುಂದಕ್ಕೆ ಹೋಗಬಾರದು. ದಾಖಲೆಯಲ್ಲಿರುವ ವಿಳಾಸ ಸಾಲದು, ಅವರು ಈ ಕ್ಷಣದಲ್ಲಿ ಎಲ್ಲಿದ್ದಾರೆ ಎಂಬುದು ಬೇಕು. ಅಪಾಯ ಕಂಡಾಗ ಒಬ್ಬರು ರೋಗಿಯೊಡನೆ ಮಾತು ಬಿಡದೆ ಮುಂದುವರಿಸಬೇಕು, ಇನ್ನೊಬ್ಬರು ಬೇರೆ ಫೋನಿನಿಂದ ಮನೆಯವರನ್ನೋ ತುರ್ತು ಸೇವೆಯನ್ನೋ ಕರೆಯಬೇಕು. ವಿದ್ಯಾರ್ಥಿ ಒಬ್ಬನೇ ಇಂಥ ಕರೆಯಲ್ಲಿ ಇರಕೂಡದು.

ಇನ್ನೊಂದು ಮಾತು. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರು ಹೊಡೆಯುವವರ ಮುಂದೆಯೇ ಕುಳಿತು ನಿಮ್ಮೊಡನೆ ಮಾತಾಡುತ್ತಿರಬಹುದು. "ಈಗ ಆರಾಮವಾಗಿ ಮಾತಾಡಬಹುದೇ, ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿ" ಎಂದು ಮೊದಲು ಕೇಳುವುದನ್ನು ರೂಢಿ ಮಾಡಿಸಿ.

ಪಠ್ಯದಲ್ಲಿ ಇಲ್ಲದ ಏನನ್ನು ಈ ಕಾಲದಲ್ಲಿ ಕಲಿಸಬೇಕು?

ಮೈ ಮತ್ತು ಮನಸ್ಸು ಬೇರೆ ಬೇರೆ ವಿಭಾಗಗಳ ಆಸ್ತಿಯಲ್ಲ ಎಂದು ಕಲಿಸಲು ಇಷ್ಟು ಒಳ್ಳೆಯ ಉದಾಹರಣೆಗಳು ಒಟ್ಟಿಗೆ ಸಿಕ್ಕಿರಲಿಲ್ಲ.

ಸ್ಕಿಜೋಫ್ರೀನಿಯಾಕ್ಕೆ ಕೊಡುವ ಕ್ಲೋಜಪಿನ್ ಸೇವಿಸುವವರಿಗೆ ಜ್ವರ ಬಂದರೆ ಕೋವಿಡ್ ಪರೀಕ್ಷೆ ಮಾತ್ರ ಸಾಲದು, ರಕ್ತದ ಬಿಳಿಕಣಗಳನ್ನೂ ಎಣಿಸಬೇಕು. ಆ ಔಷಧಿಯೇ ಅಪರೂಪಕ್ಕೆ ಬಿಳಿಕಣಗಳನ್ನು ಅಪಾಯಕಾರಿ ಮಟ್ಟಕ್ಕೆ ಇಳಿಸುತ್ತದೆ, ಆಗ ಬರುವ ಸೋಂಕಿನ ಮೊದಲ ಸುಳಿವೂ ಜ್ವರವೇ. ಅದರ ಮೇಲೆ, ತೀವ್ರ ಸೋಂಕಿನ ಸಮಯದಲ್ಲಿ ಯಕೃತ್ತು ಈ ಔಷಧಿಯನ್ನು ನಿಧಾನವಾಗಿ ಕರಗಿಸುತ್ತದೆ. ಆಸ್ಪತ್ರೆಗೆ ಸೇರಿದ್ದರಿಂದ ಸಿಗರೇಟು ನಿಂತರೂ ಅಷ್ಟೇ, ಹೊಗೆಯಿಂದ ಚುರುಕಾಗಿದ್ದ ಕಿಣ್ವ ಮಂದವಾಗಿ ರಕ್ತದಲ್ಲಿ ಔಷಧಿಯ ಮಟ್ಟ ಏರುತ್ತದೆ. ನಿನ್ನೆಯವರೆಗೆ ಸರಿಯಿದ್ದ ಪ್ರಮಾಣ ಇಂದು ಮಂಪರು ತರುತ್ತದೆ.

ಮನಸ್ಸಿನ ಏರಿಳಿತದ ಕಾಯಿಲೆಗೆ (ಬೈಪೋಲಾರ್) ಲಿಥಿಯಂ ಸೇವಿಸುವವರು ಜ್ವರಕ್ಕೆಂದು ಐಬುಪ್ರೊಫೆನ್ ನುಂಗಿ, ನೀರು ಕಡಿಮೆ ಕುಡಿದರೆ ಲಿಥಿಯಂ ವಿಷಮಟ್ಟಕ್ಕೆ ಏರಬಹುದು. ಪ್ಯಾರಾಸಿಟಮಾಲ್ ಹೇಳಿ, ನೀರು ಕುಡಿಸಿ, ರಕ್ತದ ಮಟ್ಟ ನೋಡಿ. ಆರಂಭದ ತಿಂಗಳುಗಳಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಮತ್ತು ಅಜಿತ್ರೊಮೈಸಿನ್ ಒಟ್ಟಿಗೆ ಕೊಡುತ್ತಿದ್ದರು. ಎರಡೂ ಇಸಿಜಿಯಲ್ಲಿ ಕ್ಯೂಟಿ ಅಂತರವನ್ನು ಹಿಗ್ಗಿಸಿ ಹೃದಯದ ಬಡಿತದ ಲಯ ತಪ್ಪಿಸಬಲ್ಲಂಥವು, ನಮ್ಮ ಮನೋರೋಗದ ಔಷಧಿಗಳಾದ ಹ್ಯಾಲೊಪೆರಿಡಾಲ್, ಸಿಟಾಲೊಪ್ರಾಮ್‌ಗಳೂ ಅದೇ ಜಾತಿ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದ ಫಲಿತಾಂಶ ಬಂದ ಮೇಲೆ ಆಮ್ಲಜನಕ ಬೇಕಾದ ರೋಗಿಗಳಿಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ರೂಢಿಯಾಯಿತು. ಅದು ಪ್ರಾಣ ಉಳಿಸಿತು, ಕೆಲವರಲ್ಲಿ ನಿದ್ರೆಗೆಡಿಸಿ ಮನಸ್ಸನ್ನು ಉನ್ಮಾದದ ಕಡೆಗೂ ನೂಕಿತು.

ಕೋವಿಡ್ ವಾರ್ಡಿನಲ್ಲಿ ರೋಗಿ ಚಡಪಡಿಸುತ್ತಿದ್ದರೆ ಮೊದಲು ನೋಡಬೇಕಾದದ್ದು ಆಮ್ಲಜನಕದ ಮಟ್ಟ. ನಿದ್ರೆಯ ಇಂಜೆಕ್ಷನ್ ಆಮೇಲಿನ ಮಾತು. ಮದ್ಯದಂಗಡಿಗಳು ಏಕಾಏಕಿ ಮುಚ್ಚಿದ ಕಡೆಗಳಲ್ಲಿ ಕುಡಿತ ನಿಂತ ಎರಡು ದಿನದೊಳಗೆ ಫಿಟ್ಸ್, ಎರಡರಿಂದ ನಾಲ್ಕು ದಿನದೊಳಗೆ ಕಂಪನದೊಡನೆ ಸನ್ನಿ ಬರಬಹುದೆಂದೂ, ಥಯಮಿನ್ (ಬಿ1 ಜೀವಸತ್ವ) ಮರೆಯಬಾರದೆಂದೂ ವಿದ್ಯಾರ್ಥಿಗೆ ಗೊತ್ತಿರಬೇಕು.

ಇಸಿಟಿ ನೋಡದೆಯೇ ಪೋಸ್ಟಿಂಗ್ ಮುಗಿದರೆ?

ಇಸಿಟಿ ಎಂದರೆ ಅರಿವಳಿಕೆಯಲ್ಲಿ ಮಿದುಳಿಗೆ ಅಲ್ಪ ವಿದ್ಯುತ್ ಹಾಯಿಸುವ ಚಿಕಿತ್ಸೆ. ಅರಿವಳಿಕೆ ಕೊಟ್ಟು ಮಾಸ್ಕ್ ಒತ್ತಿ ಉಸಿರು ಕೊಡುವಾಗ ಸೋಂಕಿನ ಕಣಗಳು ಹರಡುವ ಭಯವಿದ್ದುದರಿಂದ ಆ ಕೋಣೆಯಲ್ಲಿ ಅಗತ್ಯವಿದ್ದವರಿಗೆ ಮಾತ್ರ ಜಾಗ. ಅದರ ಬದಲು: ಒಪ್ಪಿಗೆ ಪಡೆದು ಚಿತ್ರೀಕರಿಸಿದ ಒಂದು ವಿಡಿಯೊ, ಇಸಿಟಿ ಪಡೆದು ಗುಣವಾದ ಒಬ್ಬರ ಜೊತೆ ಅರ್ಧ ಗಂಟೆಯ ಮಾತು. ಎರಡನೆಯದು ಕಣ್ಣಾರೆ ಕಂಡದ್ದಕ್ಕಿಂತ ಹೆಚ್ಚು ಭಯ ಬಿಡಿಸುತ್ತದೆ.

## ಕಠಿಣ ಪ್ರಶ್ನೆಗಳು

ರೋಗಿಯನ್ನೇ ಕೂರಿಸದೆ ಪರೀಕ್ಷೆ ನಡೆಸಿ ಪಾಸು ಮಾಡುವುದು ನ್ಯಾಯವೇ?

ಏನನ್ನು ಅಳೆಯುತ್ತೀರಿ ಎಂಬುದರ ಮೇಲಿದೆ. ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಕೊಟ್ಟ ನಾಲ್ಕು ಮೆಟ್ಟಿಲುಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ: ತಿಳಿದಿರುವುದು, ಹೇಗೆ ಮಾಡಬೇಕೆಂದು ತಿಳಿದಿರುವುದು, ಮಾಡಿ ತೋರಿಸುವುದು, ದಿನದಿನದ ಕೆಲಸದಲ್ಲಿ ಮಾಡುವುದು. ಬಹು ಆಯ್ಕೆಯ ಪ್ರಶ್ನೆಗಳು, ಆನ್‌ಲೈನ್ ವೈವಾ ಮೊದಲೆರಡನ್ನು ಮುಟ್ಟುತ್ತವೆ. ಮೂರನೆಯದಕ್ಕೆ 1975ರಲ್ಲಿ ರೊನಾಲ್ಡ್ ಹಾರ್ಡನ್ ರೂಪಿಸಿದ ಓಸ್ಕಿ ಇದೆ: ಒಂದೊಂದು ಕೇಂದ್ರದಲ್ಲಿ ಒಂದೊಂದು ಕೆಲಸ ಮಾಡಿಸಿ ಅಂಕ ಕೊಡುವ ಪರೀಕ್ಷೆ. ನಟರನ್ನು ಪರದೆಯ ಮೇಲೆ ಕೂರಿಸಿ ಅದನ್ನು ನಡೆಸಬಹುದು. ಮಧ್ಯದಲ್ಲಿ ಸಂಪರ್ಕ ಕಡಿದರೆ ಆ ಕೇಂದ್ರವನ್ನು ಮತ್ತೆ ನಡೆಸಲು ಮೊದಲೇ ಸಮಯ ಇಟ್ಟಿರಬೇಕು, ಇಲ್ಲವಾದರೆ ನೀವು ಅಳೆಯುತ್ತಿರುವುದು ಯಾರ ಮನೆಯ ಇಂಟರ್‌ನೆಟ್ ಚೆನ್ನಾಗಿದೆ ಎಂಬುದನ್ನು. ನಾಲ್ಕನೆಯ ಮೆಟ್ಟಿಲನ್ನು ಅಳೆದಿಲ್ಲವೆಂದು ಅಂಕಪಟ್ಟಿಯಲ್ಲಿ ಅಲ್ಲದಿದ್ದರೂ ವಿಭಾಗದ ಕಡತದಲ್ಲಿ ಬರೆದಿಡಿ. ಇಂಟರ್ನ್‌ಶಿಪ್‌ನಲ್ಲಿ ತುಂಬಿಸಬೇಕಾದದ್ದು ಯಾವುದೆಂದು ಆಗ ಗೊತ್ತಾಗುತ್ತದೆ.

ವಿದ್ಯಾರ್ಥಿಗಳೇ ಕುಸಿಯುತ್ತಿದ್ದರು. ನಾವು ಮನೋವೈದ್ಯರು, ನಾವೇ ಚಿಕಿತ್ಸೆ ಕೊಡಬಹುದಿತ್ತಲ್ಲ?

ಬೇಡ. ನಾಳೆ ಅಂಕ ಹಾಕುವವರ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ, ಬಿಚ್ಚಿದರೆ ಆಮೇಲೆ ಪರಿತಪಿಸುತ್ತಾರೆ. ಮೌಲ್ಯಮಾಪನಕ್ಕೆ ಸಂಬಂಧವಿಲ್ಲದ ವೈದ್ಯರನ್ನು ಗೊತ್ತುಮಾಡಿ, ಅವರ ಬಳಿ ಹೋದದ್ದು ವಿಭಾಗಕ್ಕೆ ತಿಳಿಯದಂತೆ ನೋಡಿಕೊಳ್ಳಿ. ಶಿಕ್ಷಕರಿಗೆ ಉಳಿಯುವ ಕೆಲಸ ಬೇರೆ. ಕುಸಿದವರನ್ನು ಗುರುತಿಸುವುದು, ಗಡುವು ಸಡಿಲಿಸುವುದು, ಕಷ್ಟದ ಕೇಸ್ ಕೇಳಿದ ಮೇಲೆ ಮಾತಿಗೆ ಜಾಗ ಕೊಡುವುದು. ಮನೋವಿಶ್ಲೇಷಕ ಮೈಕೆಲ್ ಬಾಲಿಂಟ್ ಕಳೆದ ಶತಮಾನದ ಮಧ್ಯದಲ್ಲಿ ಕುಟುಂಬ ವೈದ್ಯರೊಂದಿಗೆ ಆರಂಭಿಸಿದ ಬಗೆಯ ಗುಂಪುಗಳು ಇದಕ್ಕೆ ಹೊಂದುತ್ತವೆ: ಒಬ್ಬರು ತಮ್ಮನ್ನು ಕಾಡಿದ ರೋಗಿಯ ಬಗ್ಗೆ ಹೇಳುತ್ತಾರೆ, ಉಳಿದವರು ರೋಗನಿರ್ಣಯ ಬಿಟ್ಟು ಆ ಸಂಬಂಧದ ಬಗ್ಗೆ ಮಾತಾಡುತ್ತಾರೆ. ಪರದೆಯ ಮೇಲೂ ನಡೆಯಿತು. ವಿಡಿಯೊದಲ್ಲಿ ಆತ್ಮಹತ್ಯೆಯ ವಿವರ ಕೇಳಿದ ಮರುಕ್ಷಣ ಅಡುಗೆಮನೆಗೆ ಹೋಗಿ ಊಟಕ್ಕೆ ಕೂರಬೇಕಾಗಿದ್ದ ವಿದ್ಯಾರ್ಥಿಗಳಿಗೆ ಅದು ಬೇಕಾಗಿತ್ತು. ಮೊದಲೆಲ್ಲ ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲಿ ಆ ಭಾರ ಒಂದಷ್ಟು ಇಳಿಯುತ್ತಿತ್ತು.

ರೋಗಿಗಳನ್ನು ಭೇಟಿಯಾಗದೆ ಮನೋರೋಗದ ಬಗೆಗಿನ ಅಸಹ್ಯ, ಭಯ ಹೋಗುತ್ತದೆಯೇ?

ಓದಿದ್ದರಿಂದ ಹೋಗುವುದು ಕಡಿಮೆ, ಸಮಾನವಾಗಿ ಕುಳಿತು ಮಾತಾಡಿದ್ದರಿಂದ ಹೆಚ್ಚು. ಪರದೆಯ ಒಂದು ಅನುಕೂಲ ಇಲ್ಲಿದೆ. ವಾರ್ಡಿನಲ್ಲಿ ವಿದ್ಯಾರ್ಥಿ ನೋಡುವುದು ಕಾಯಿಲೆ ಉಲ್ಬಣಿಸಿದವರನ್ನು ಮಾತ್ರ. ಗುಣವಾಗಿ ಕೆಲಸ, ಸಂಸಾರ ನಡೆಸುತ್ತಿರುವವರು ವಾರ್ಡಿಗೆ ಬರುವುದಿಲ್ಲ. ಅಂಥವರನ್ನು ಸಹಶಿಕ್ಷಕರಾಗಿ ಕರೆದು, ಸಂಭಾವನೆ ಕೊಟ್ಟು, ತಮ್ಮ ಕಥೆಯಲ್ಲಿ ಎಷ್ಟು ಹೇಳಬೇಕೆಂಬುದನ್ನು ಅವರಿಗೇ ಬಿಟ್ಟರೆ ಒಂದು ಗಂಟೆಯಲ್ಲಿ ಆಗುವ ಕೆಲಸ ದೊಡ್ಡದು.

ಎಲ್ಲ ಮುಗಿದ ಮೇಲೆ ತಪ್ಪಿಹೋದದ್ದನ್ನು ತುಂಬಿಸುವುದು ಹೇಗೆ? ಯಾವುದನ್ನು ಉಳಿಸಿಕೊಳ್ಳಬೇಕು?

ಇಡೀ ಪೋಸ್ಟಿಂಗ್ ಮತ್ತೆ ಮಾಡಿಸುವ ಅಗತ್ಯವಿಲ್ಲ. ಕೈಯಿಂದ ಮುಟ್ಟಿ, ಒಂದೇ ಕೋಣೆಯಲ್ಲಿ ನಿಂತು ಕಲಿಯಬೇಕಾದವನ್ನು ಮಾತ್ರ ಪಟ್ಟಿ ಮಾಡಿ: ಮೊಣಕೈ ಮಡಚಿ ಬಿಗಿತ ನೋಡುವುದು, ಕೆಟಟೋನಿಯಾ ಪರೀಕ್ಷೆ, ರೊಚ್ಚಿಗೆದ್ದವರನ್ನು ಮಾತಿನಿಂದ ತಣಿಸುವಾಗ ಎಲ್ಲಿ ನಿಲ್ಲಬೇಕು, ಬಾಗಿಲು ಯಾವ ಕಡೆ ಇರಬೇಕು, ತುರ್ತು ವಿಭಾಗದಲ್ಲಿ ಒಂದೆರಡು ರಾತ್ರಿ. ಇಂಟರ್ನ್‌ಗಳಿಗೆ ನಾಲ್ಕೈದು ದಿನ ಸಾಕು.

ಉಳಿಸಿಕೊಳ್ಳುವುದರ ಬಗ್ಗೆ ಹೇಳುವುದಾದರೆ, ನಮ್ಮಲ್ಲಿ ದೂರದ ಸಂಬಂಧಿಕರಿಗೆ ವಿದ್ಯಾರ್ಥಿಗಳು ಫೋನ್ ಮಾಡುವ ಪದ್ಧತಿ ಈಗಲೂ ಇದೆ. ಗಡಿಯಾರ ಹಿಡಿದು ಸುಮ್ಮನಿರುವ ಅಭ್ಯಾಸವೂ ಇದೆ, ಮೊದಲ ದಿನವೇ ಮಾಡಿಸುತ್ತೇವೆ. ಅಷ್ಟು ಕಷ್ಟಪಟ್ಟು ವಿಡಿಯೊ ಮಾಡಿದ ಉಪನ್ಯಾಸಗಳನ್ನು ಪರೀಕ್ಷೆಯ ಹಿಂದಿನ ರಾತ್ರಿ ಬಿಟ್ಟರೆ ಯಾರೂ ನೋಡುವುದಿಲ್ಲ, ನೋಡಿದರೂ ಎರಡು ಪಟ್ಟು ವೇಗದಲ್ಲಿ.